ರಸ್ತೆ ಅಪಘಾತದಲ್ಲಿ ಗಾಯವಾದರೆ: ಪರಿಹಾರದ ಹಕ್ಕು ಕೈತಪ್ಪದಂತೆ ಮೊದಲ ಗಂಟೆಯಿಂದ ಮಾಡಬೇಕಾದ್ದು

ನಾನು ತಾಲ್ಲೂಕು ಕೋರ್ಟಿನಲ್ಲಿ ಎಂವಿಸಿ, ಅಂದರೆ ಮೋಟಾರು ವಾಹನ ಅಪಘಾತ ಪರಿಹಾರದ, ಕೇಸು ನಡೆಸುವ ವಕೀಲ. ನನ್ನ ಟೇಬಲ್ಲಿಗೆ ಬರುವ ಕಡತಗಳಲ್ಲಿ ಸೋಲುವಂಥವು ಕೋರ್ಟಿಗೆ ಬಂದು ಸೋಲುವುದು ಕಡಿಮೆ. ಆಸ್ಪತ್ರೆಯ ಕ್ಯಾಶುವಾಲ್ಟಿಯಲ್ಲಿ, ಠಾಣೆಯ ಬೆಂಚಿನ ಮೇಲೆ, ಮನೆಯ ಜಗಲಿಯಲ್ಲಿ ನಡೆದ ರಾಜಿಯಲ್ಲಿ ಅವು ಮೊದಲೇ ಸೋತಿರುತ್ತವೆ. ನಾಲ್ಕು ತಿಂಗಳು ಕಳೆದು ಬಟ್ಟೆಯಂಗಡಿಯ ಚೀಲದಲ್ಲಿ ಬಿಲ್ಲುಗಳನ್ನು ತುಂಬಿಕೊಂಡು ಬಂದವರಿಗೆ, "ಇದನ್ನು ಮೊದಲ ವಾರದಲ್ಲೇ ಮಾಡಬೇಕಿತ್ತು" ಅನ್ನುವುದು ನನಗೂ ಸಂಕಟವೇ. ಅದಕ್ಕೇ ಮಾಡಬೇಕಾದ ಕೆಲಸಗಳನ್ನು ಅವು ಬರುವ ಕ್ರಮದಲ್ಲೇ ಬರೆದಿದ್ದೇನೆ. ಕರ್ನಾಟಕದ ರಸ್ತೆಯಲ್ಲಿ ಮೋಟಾರು ವಾಹನದಿಂದ ಗಾಯಗೊಂಡವರಿಗೂ ಅವರ ಮನೆಯವರಿಗೂ ಇದು ಅನ್ವಯಿಸುತ್ತದೆ.

ಬೇಕಾದ ಸಾಮಾನು ಹೆಚ್ಚೇನಿಲ್ಲ: ಕ್ಯಾಮೆರಾ ಇರುವ ಫೋನು, ಒಂದು ನೋಟ್ ಪುಸ್ತಕ, ಪ್ಲಾಸ್ಟಿಕ್ ಹಾಳೆಗಳಿರುವ ಒಂದು ಫೈಲು. ಇವೆಲ್ಲ ಮನೆಯಲ್ಲಿ ಒಬ್ಬರ ಸುಪರ್ದಿಯಲ್ಲೇ ಇರಲಿ. ಅಣ್ಣನ ಹತ್ತಿರ ಅರ್ಧ, ಭಾವನ ಹತ್ತಿರ ಅರ್ಧ ಕಾಗದ ಉಳಿದರೆ ಸಮಯಕ್ಕೆ ಯಾವುದೂ ಸಿಗುವುದಿಲ್ಲ.

1. ಸ್ಥಳದಲ್ಲಿ: ಮೊದಲು ಜೀವ, ಆಮೇಲೆ ನಂಬರು

112 ಅಥವಾ 108ಕ್ಕೆ ಕರೆ ಮಾಡಿ. ಗಾಯಾಳುವನ್ನು ಎತ್ತಿಕೊಂಡು ಹೋದ ದಾರಿಹೋಕರಿಗೆ ಕೇಸಿನ ಭಯ ಬೇಡ. ಮೋಟಾರು ವಾಹನ ಕಾಯ್ದೆಯ 134ಎ ಕಲಂ ಅವರಿಗೆ ರಕ್ಷಣೆ ಕೊಟ್ಟಿದೆ. ಅಪಘಾತವಾದ ದಿನದಿಂದ 7 ದಿನಗಳವರೆಗೆ, 1.5 ಲಕ್ಷ ರೂಪಾಯಿ ಮಿತಿಯಲ್ಲಿ ನಗದುರಹಿತ ಚಿಕಿತ್ಸೆ ಕೊಡುವ ಕೇಂದ್ರದ ಯೋಜನೆ 2025ರ ಮೇ ತಿಂಗಳಿನಿಂದ ಜಾರಿಯಲ್ಲಿದೆ. ಆಸ್ಪತ್ರೆ ಅದರ ಪಟ್ಟಿಯಲ್ಲಿದೆಯೇ ಎಂದು ದಾಖಲಾಗುವಾಗಲೇ ಕೇಳಿ.

ಗಾಯಾಳುವನ್ನು ಕಳಿಸಿದ ಮೇಲೆ ಅಲ್ಲೇ ಉಳಿದ ಒಬ್ಬರು ಫೋನು ತೆಗೆಯಲಿ. ವಾಹನಗಳನ್ನು ಪಕ್ಕಕ್ಕೆ ಸರಿಸುವ ಮೊದಲೇ ಫೋಟೋ ಬೇಕು. ನಂಬರ್ ಪ್ಲೇಟು, ಎರಡೂ ವಾಹನಗಳು ನಿಂತ ಜಾಗ, ಬ್ರೇಕಿನ ಗುರುತು, ರಸ್ತೆಯ ಅಗಲ ತೋರುವಂತೆ ದೂರದಿಂದ ಒಂದು, ಹತ್ತಿರದ ಅಂಗಡಿಯ ಬೋರ್ಡು ಕಾಣುವಂತೆ ಇನ್ನೊಂದು. ಕಣ್ಣಾರೆ ಕಂಡ ಇಬ್ಬರ ಹೆಸರು ಮತ್ತು ಫೋನ್ ನಂಬರ್ ಬರೆದುಕೊಳ್ಳಿ. ಅವರು ನಿಮ್ಮ ನೆಂಟರಲ್ಲದಿದ್ದರೆ ಅವರ ಮಾತಿಗೆ ತೂಕ ಹೆಚ್ಚು. ವಾಹನ ನಿಲ್ಲಿಸದೆ ಓಡಿಹೋಗಿದ್ದರೆ ನಂಬರಿನ ಎಷ್ಟು ಅಂಕಿ ಕಂಡವೋ ಅಷ್ಟನ್ನು ಬರೆಯಿರಿ. ಬಣ್ಣ, ಹೇರಿದ್ದ ಸರಕು, ಹೋದ ದಿಕ್ಕನ್ನೂ ಸೇರಿಸಿ.

2. ಆಸ್ಪತ್ರೆಯಲ್ಲಿ: ನೀವು ಹೇಳುವ ಮೊದಲ ವಾಕ್ಯ

ಅತಿ ಹೆಚ್ಚು ಕೇಸು ಹಾಳಾಗುವುದು ಇಲ್ಲಿ. ಒಂದು ಉದಾಹರಣೆ ಹೇಳುತ್ತೇನೆ, ಗುರುತು ಸಿಗದಂತೆ.

ಗಂಡನಿಗೆ ಹಿಂದಿನಿಂದ ಟೆಂಪೊ ಗುದ್ದಿದೆ. ತೊಡೆಯ ಮೂಳೆ ಮುರಿದಿದೆ. ಹೆಂಡತಿ ಅಳುತ್ತಾ ಕ್ಯಾಶುವಾಲ್ಟಿಗೆ ಬಂದಿದ್ದಾಳೆ. ಡ್ಯೂಟಿ ಡಾಕ್ಟರು "ಏನಾಯ್ತಮ್ಮ?" ಎಂದು ಕೇಳಿದ್ದಾರೆ. "ಗಾಡಿಯಿಂದ ಬಿದ್ಬಿಟ್ರು ಡಾಕ್ಟ್ರೇ" ಎಂದಿದ್ದಾಳೆ. ನಮ್ಮ ಮಾತಿನಲ್ಲಿ ಅದು ಸಹಜ. ಯಾರೋ ಗುದ್ದಿದರೂ ನಾವು "ಬಿದ್ದ" ಅಂತಲೇ ಹೇಳುತ್ತೇವೆ. ಡಾಕ್ಟರು ಕೇಸ್ ಶೀಟಿನಲ್ಲಿ "ಸೆಲ್ಫ್ ಫಾಲ್ ಫ್ರಂ ಬೈಕ್" ಎಂದು ಬರೆದರು. ಎರಡು ವರ್ಷದ ಬಳಿಕ ವಿಮಾ ಕಂಪನಿಯ ವಕೀಲರು ಆ ಒಂದು ಸಾಲನ್ನು ಹಿಡಿದು, "ಇಲ್ಲಿ ಟೆಂಪೊ ಎಲ್ಲಿದೆ?" ಎಂದು ಕೇಳಿದರು. ಪೆಟ್ಟು ಬಿದ್ದ ಅರ್ಧ ಗಂಟೆಯೊಳಗೆ, ಯಾವ ಲಾಭದ ಯೋಚನೆಯೂ ಇಲ್ಲದೆ ಹೇಳಿದ ಮಾತು ಅದು ಎಂದು ನ್ಯಾಯಾಧೀಶರು ಭಾವಿಸುವುದು ಸಹಜ. ನಂತರ ಬಂದ ದೂರು ಕಟ್ಟುಕತೆಯಂತೆ ಕಾಣತೊಡಗುತ್ತದೆ.

ಆದ್ದರಿಂದ ಕ್ಯಾಶುವಾಲ್ಟಿಯಲ್ಲಿ ಹೇಳುವ ವಾಕ್ಯದಲ್ಲಿ ಮೂರು ಸಂಗತಿ ಇರಲಿ: ಯಾವ ವಾಹನ, ಎಲ್ಲಿ, ಹೇಗೆ ಗುದ್ದಿತು. "ಬಿದ್ದರು" ಅನ್ನಬೇಡಿ, "ಟೆಂಪೊ ಹಿಂದಿನಿಂದ ಬಂದು ಗುದ್ದಿತು" ಅನ್ನಿ. ನಂಬರ್ ಗೊತ್ತಿದ್ದರೆ ಅದನ್ನೂ ಹೇಳಿ. ಆಮೇಲೆ ಎಂಎಲ್‌ಸಿ, ಅಂದರೆ ಪೊಲೀಸರಿಗೆ ತಿಳಿಸಬೇಕಾದ ಪ್ರಕರಣ, ಎಂದು ದಾಖಲಿಸಲು ಕೇಳಿ ಅದರ ನಂಬರ್ ಬರೆದುಕೊಳ್ಳಿ. ಸಣ್ಣ ಕ್ಲಿನಿಕ್ಕಿನಲ್ಲಿ ಪಟ್ಟಿ ಕಟ್ಟಿಸಿಕೊಂಡು ದೊಡ್ಡ ಆಸ್ಪತ್ರೆಗೆ ಹೋದರೆ ಎರಡೂ ಕಡೆ ಒಂದೇ ವಿವರ ಬರೆದಿರಬೇಕು.

ತಪ್ಪಾಗಿ ಬರೆದಿದ್ದು ಕಣ್ಣಿಗೆ ಬಿದ್ದರೆ ಅಂದೇ ಅಥವಾ ಮರುದಿನವೇ ಆಸ್ಪತ್ರೆಯ ಮುಖ್ಯಸ್ಥರಿಗೆ ಅರ್ಜಿ ಬರೆದು, ಸ್ವೀಕೃತಿಯ ಮುದ್ರೆ ಹಾಕಿಸಿಕೊಳ್ಳಿ. ಹಳೆಯ ಸಾಲನ್ನು ಅಳಿಸಿ ಅಥವಾ ತಿದ್ದಿ ಎಂದು ಮಾತ್ರ ಒತ್ತಾಯಿಸಬೇಡಿ. ತಿದ್ದಿದ ಕೇಸ್ ಶೀಟು ತಪ್ಪಾಗಿರುವ ಕೇಸ್ ಶೀಟಿಗಿಂತ ಹೆಚ್ಚು ಅಪಾಯ.

3. ಠಾಣೆಯಲ್ಲಿ: ದೂರು, ಎಫ್‌ಐಆರ್, ಮಹಜರು

ಆಸ್ಪತ್ರೆಯಿಂದ ಠಾಣೆಗೆ ಸುದ್ದಿ ಹೋಗುತ್ತದೆ, ಪೊಲೀಸರು ತಾವೇ ಬರುತ್ತಾರೆ ಎಂದು ಕಾದು ಕೂರಬೇಡಿ. ಗಾಯಾಳು ಮಾತಾಡುವ ಸ್ಥಿತಿಯಲ್ಲಿಲ್ಲದಿದ್ದರೆ ಮನೆಯವರು ಅಥವಾ ನೋಡಿದವರು ದೂರು ಕೊಡಬಹುದು. ತಾವು ನೋಡಿದ್ದನ್ನೂ ಬೇರೆಯವರಿಂದ ಕೇಳಿದ್ದನ್ನೂ ದೂರಿನಲ್ಲಿ ಬೇರೆ ಬೇರೆ ಮಾಡಿ ಬರೆಯಿರಿ. ಅಲ್ಲಿಲ್ಲದ ಅಣ್ಣ "ನಾನೇ ಕಂಡೆ" ಎಂದು ಬರೆದುಕೊಟ್ಟರೆ ಪಾಟಿ ಸವಾಲಿನಲ್ಲಿ ಐದು ನಿಮಿಷವೂ ನಿಲ್ಲುವುದಿಲ್ಲ.

ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಪ್ರಕಾರ, ಯಾವ ಠಾಣೆಯ ವ್ಯಾಪ್ತಿ ಎಂಬ ನೆಪದಲ್ಲಿ ದೂರು ನಿರಾಕರಿಸುವಂತಿಲ್ಲ. ದೂರುದಾರರಿಗೆ ಎಫ್‌ಐಆರ್ ಪ್ರತಿಯನ್ನು ಉಚಿತವಾಗಿ ಕೊಡಬೇಕು. ಠಾಣೆಯಲ್ಲಿ ತೆಗೆದುಕೊಳ್ಳದಿದ್ದರೆ ಅದೇ ದೂರನ್ನು ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಅಂಚೆಯಲ್ಲಿ ಕಳಿಸಿ. ಅಲ್ಲಿಯೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಬಳಿ ಹೋಗುವ ದಾರಿ ಇದೆ. ಎಫ್‌ಐಆರ್‌ನಲ್ಲಿ ಸಾಮಾನ್ಯವಾಗಿ ಭಾರತೀಯ ನ್ಯಾಯ ಸಂಹಿತೆಯ 281 ಮತ್ತು 125ನೇ ಕಲಂಗಳು ಇರುತ್ತವೆ. ಪ್ರತಿ ಕೈಗೆ ಬಂದ ಕೂಡಲೇ ವಾಹನದ ನಂಬರ್, ದಿನಾಂಕ, ಗಾಯಾಳುವಿನ ಹೆಸರು ಇವಿಷ್ಟನ್ನು ಅಕ್ಷರ ಅಕ್ಷರ ಓದಿ ನೋಡಿ. ನಂಬರಿನಲ್ಲಿ ಒಂದಂಕಿ ಬದಲಾದರೂ ಯಾರದೋ ವಿಮಾ ಕಂಪನಿಗೆ ನೋಟಿಸು ಹೋಗುತ್ತದೆ.

ಚಿಕಿತ್ಸೆಯ ಗಡಿಬಿಡಿಯಲ್ಲಿ ದೂರು ಕೊಡುವುದು ನಾಲ್ಕೈದು ದಿನ ತಡವಾದರೆ ತಡವಾದ ಕಾರಣವನ್ನು ದೂರಿನಲ್ಲೇ ಬರೆಯಿರಿ. ತಡವಾಯಿತೆಂಬ ಒಂದೇ ಕಾರಣಕ್ಕೆ ಪರಿಹಾರ ನಿರಾಕರಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲಿ ಹೇಳಿದೆ. ಆದರೆ ಕಾರಣ ಹೇಳದ ವಿಳಂಬ ಅನುಮಾನಕ್ಕೆ ಎಡೆಕೊಡುತ್ತದೆ.

ಸ್ಥಳ ಮಹಜರಿನ ದಿನ, ಅಂದರೆ ಪೊಲೀಸರು ಜಾಗ ನೋಡಿ ನಕ್ಷೆ ಬರೆಯುವ ದಿನ, ನಿಮ್ಮ ಕಡೆಯ ಒಬ್ಬರು ಅಲ್ಲಿರಲಿ. ನಕ್ಷೆಯಲ್ಲಿ ಗುದ್ದಿದ ಜಾಗ ರಸ್ತೆಯ ಯಾವ ಮಗ್ಗುಲಲ್ಲಿದೆ ಎಂಬುದು ಬಹಳ ಮುಖ್ಯ. ನಿಮ್ಮ ಎಡಬದಿಯಲ್ಲಿ ಆದದ್ದು ನಕ್ಷೆಯಲ್ಲಿ ನಡುರಸ್ತೆಗೆ ಬಂದರೆ, ತಪ್ಪಿನಲ್ಲಿ ನಿಮ್ಮದೂ ಪಾಲಿದೆ ಎಂದು ಪರಿಹಾರದಲ್ಲಿ ಕಡಿತವಾಗಬಹುದು. ಪೊಲೀಸರು 48 ಗಂಟೆಯಲ್ಲಿ ಪ್ರಥಮ ಅಪಘಾತ ವರದಿ, 50 ದಿನದಲ್ಲಿ ಮಧ್ಯಂತರ ವರದಿ, 90 ದಿನದಲ್ಲಿ ವಿವರವಾದ ವರದಿ ಸಲ್ಲಿಸಬೇಕೆಂಬ ನಿಯಮ 2022ರಿಂದ ಇದೆ. ಆ ಪ್ರತಿಗಳನ್ನು ಕೇಳಿ ಪಡೆಯಿರಿ. ಮೋಟಾರು ವಾಹನ ನಿರೀಕ್ಷಕರ ವರದಿ, ಗಾಯದ ಪ್ರಮಾಣಪತ್ರ, ದೋಷಾರೋಪ ಪಟ್ಟಿ, ಎದುರು ವಾಹನದ ಆರ್‌ಸಿ, ವಿಮೆ ಮತ್ತು ಚಾಲಕನ ಲೈಸೆನ್ಸಿನ ಪ್ರತಿಗಳೂ ಫೈಲಿಗೆ ಬೇಕು.

ಲೈಸೆನ್ಸ್ ಇರಲಿಲ್ಲ ಎಂದು ಹೆದರಿ ಓಡಿಸುತ್ತಿದ್ದವರ ಹೆಸರು ಬದಲಿಸುವವರಿದ್ದಾರೆ. ದಯವಿಟ್ಟು ಬೇಡ. ಲೈಸೆನ್ಸ್ ಇಲ್ಲದ್ದಕ್ಕೆ ದಂಡ ಬೀಳಬಹುದು. ಆದರೆ ಅಷ್ಟರಿಂದಲೇ ಅಪಘಾತದಲ್ಲಿ ನಿಮ್ಮ ತಪ್ಪಿದೆ ಎಂದಾಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2008ರಲ್ಲೇ ಹೇಳಿದೆ. ಸುಳ್ಳು ಹೆಸರು ಬಯಲಾದರೆ ಮಾತ್ರ ಇಡೀ ಅರ್ಜಿ ಹೋಗುತ್ತದೆ.

4. ಮೊದಲ ವಾರ: ಅಳಿಸಿಹೋಗುವ ಸಾಕ್ಷ್ಯ

ಅಂಗಡಿ, ಪೆಟ್ರೋಲ್ ಬಂಕ್, ಟೋಲ್‌ಗಳ ಸಿಸಿಟಿವಿಯಲ್ಲಿ ಹಳೆಯ ದೃಶ್ಯದ ಮೇಲೆ ಹೊಸದು ದಾಖಲಾಗುತ್ತಾ ಹೋಗುತ್ತದೆ. ಎರಡು ಮೂರು ದಿನದೊಳಗೆ ಹೋಗಿ ಕೇಳಿ, ದೃಶ್ಯ ವಶಪಡಿಸಿಕೊಳ್ಳುವಂತೆ ತನಿಖಾಧಿಕಾರಿಗೂ ಲಿಖಿತವಾಗಿ ಕೊಡಿ. ದೃಶ್ಯ ಸಿಕ್ಕಿದರೆ ಮೂಲ ಫೈಲನ್ನೇ ಉಳಿಸಿಕೊಳ್ಳಿ. ವಾಟ್ಸ್ಆ್ಯಪ್‌ನಲ್ಲಿ ಹತ್ತು ಕೈ ದಾಟಿ ಬಂದ ತುಣುಕು ಸಾಲದು. ಕೋರ್ಟಿಗೆ ಕೊಡುವಾಗ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಪ್ರಮಾಣಪತ್ರ ಬೇಕಾಗುತ್ತದೆ.

ಗಾಯದ ಫೋಟೋಗಳನ್ನು ಬ್ಯಾಂಡೇಜು, ರಾಡು, ಊರುಗೋಲು ಹೀಗೆ ಹಂತ ಹಂತವಾಗಿ ತೆಗೆದಿಡಿ. ನೋಟ್ ಪುಸ್ತಕದಲ್ಲಿ ದಿನಕ್ಕೊಂದು ಸಾಲು ಸಾಕು: ಇವತ್ತು ಆಸ್ಪತ್ರೆಗೆ ಆಟೋದಲ್ಲಿ ಹೋದೆವು, ಇಷ್ಟು ಕೊಟ್ಟೆವು, ನೋಡಿಕೊಳ್ಳಲು ತಂಗಿ ಕೆಲಸ ಬಿಟ್ಟು ಬಂದಳು.

5. ಬಿಲ್ಲುಗಳು

ಮೆಡಿಕಲ್ ಶಾಪಿನ ಬಿಲ್ಲು ಬಹುಪಾಲು ಶಾಖದಿಂದ ಅಚ್ಚಾಗುವ ಕಾಗದ. ಕೆಲವು ತಿಂಗಳಿಗೆ ಬಿಳಿಚಿಕೊಂಡು ಖಾಲಿ ಚೀಟಿಯಾಗುತ್ತದೆ. ಇಂಥ ಖಾಲಿ ಚೀಟಿಗಳ ಕಟ್ಟನ್ನೇ ಹಿಡಿದು ಕೂತ ಅಜ್ಜಿಯೊಬ್ಬರನ್ನು ನಾನು ನೋಡಿದ್ದೇನೆ. "ದುಡ್ಡು ಕೊಟ್ಟಿದ್ದು ದೇವರಿಗೆ ಗೊತ್ತಪ್ಪ" ಅನ್ನುತ್ತಿದ್ದರು. ಬಿಲ್ಲು ಬಂದ ದಿನವೇ ಜೆರಾಕ್ಸ್ ಮಾಡಿಸಿ ಮೂಲದ ಜೊತೆ ಪಿನ್ ಹಾಕಿ, ಆ ಔಷಧಿಯ ಚೀಟಿಯನ್ನೂ ಜೊತೆಗಿಡಿ. ವೈದ್ಯರ ಚೀಟಿ ಇಲ್ಲದ ಔಷಧಿ ಬಿಲ್ಲನ್ನು ಕಂಪನಿ ಒಪ್ಪುವುದಿಲ್ಲ.

ಮೆಡಿಕ್ಲೇಮ್‌ಗೆ ಮೂಲ ಬಿಲ್ ಕೊಡಬೇಕಾದರೆ ಮೊದಲು ಆಸ್ಪತ್ರೆಯಿಂದ ದೃಢೀಕೃತ ಪ್ರತಿ ಪಡೆಯಿರಿ. ಬಂದ ಹಣವನ್ನು ಮುಚ್ಚಿಡಬೇಡಿ. ಎಕ್ಸ್-ರೇ, ಸ್ಕ್ಯಾನ್ ಫಿಲ್ಮು, ಡಿಸ್ಚಾರ್ಜ್ ಸಾರಾಂಶ, ಮರುಭೇಟಿಯ ಒಪಿಡಿ ಚೀಟಿ ಎಲ್ಲವೂ ಬೇಕು. ನಾಟಿವೈದ್ಯರ ಹತ್ತಿರ ಕಟ್ಟು ಹಾಕಿಸಲೆಂದು ಆಸ್ಪತ್ರೆಯ ಚಿಕಿತ್ಸೆಯನ್ನು ನಡುವೆ ಬಿಟ್ಟರೆ, ಕಾಲು ಸರಿಹೋಗದಿರುವುದು ನಿಮ್ಮ ತಪ್ಪಿನಿಂದ ಎಂಬ ವಾದ ಬರುತ್ತದೆ. ಅದಕ್ಕಿಂತ ಹೆಚ್ಚಾಗಿ, ಕಾಲೇ ಹಾಳಾಗುತ್ತದೆ.

6. ಸಹಿ ಹಾಕುವ ಮುನ್ನ

ಅಪಘಾತದ ಮೊದಲ ಹದಿನೈದು ದಿನ ಬಹಳ ಜನ ಸಹಿ ಕೇಳಿಕೊಂಡು ಬರುತ್ತಾರೆ.

ವಾಹನದ ಮಾಲೀಕರು ಊರಿನ ಹಿರಿಯರನ್ನು ಕರೆತಂದು, ಇಪ್ಪತ್ತು ಸಾವಿರ ಕೊಟ್ಟು, "ಕೇಸು ಬೇಡ, ಪಾಪದ ಹುಡುಗ" ಎಂದು ಛಾಪಾ ಕಾಗದದಲ್ಲಿ ಬರೆಸಿಕೊಳ್ಳುತ್ತಾರೆ. ಸಾಮಾನ್ಯವಾಗಿ ಪರಿಹಾರ ಕಟ್ಟುವುದು ಅವರ ವಿಮಾ ಕಂಪನಿ ಎಂಬುದು ಇಬ್ಬರಿಗೂ ಹೊಳೆದಿರುವುದಿಲ್ಲ. ಚಿಕಿತ್ಸೆಗೆಂದು ಅವರು ಕೊಟ್ಟರೆ ಪಡೆಯಿರಿ, ಎಷ್ಟು ಎಂದು ಬರೆದಿಡಿ. "ಇನ್ನು ಯಾವ ಹಕ್ಕೂ ಇಲ್ಲ" ಎಂಬ ಸಾಲಿಗೆ ಸಹಿ ಹಾಕಬೇಡಿ.

ವಿಮಾ ಕಂಪನಿಯ ತನಿಖಾಧಿಕಾರಿ ಮನೆಗೆ ಬಂದರೆ ಸತ್ಯವನ್ನೇ ಹೇಳಿ. ಓದದ ಹೇಳಿಕೆಗೆ, ಖಾಲಿ ಹಾಳೆಗೆ ಸಹಿ ಬೇಡ.

ಇನ್ನೊಂದು ಬಲೆ ಕಾನೂನಿನೊಳಗೇ ಇದೆ. ಮೋಟಾರು ವಾಹನ ಕಾಯ್ದೆಯ 164ನೇ ಕಲಂ ಪ್ರಕಾರ ಯಾರ ತಪ್ಪೆಂದು ಸಾಬೀತು ಮಾಡದೆಯೇ ಸಾವಿಗೆ 5 ಲಕ್ಷ, ತೀವ್ರ ಗಾಯಕ್ಕೆ 2.5 ಲಕ್ಷ ರೂಪಾಯಿ ಪಡೆಯಬಹುದು. ಕಾನೂನಿನ ಕ್ರಮದಲ್ಲಿ ಅದನ್ನು ಒಪ್ಪಿ ಪಡೆದರೆ 166ನೇ ಕಲಂ ಪ್ರಕಾರದ ಪೂರ್ಣ ಪರಿಹಾರದ ಅರ್ಜಿ ಅಲ್ಲಿಗೇ ಮುಗಿಯುತ್ತದೆ. ತಪ್ಪು ನಿಮ್ಮ ಕಡೆಯೇ ಇದ್ದಾಗ, ಸಾಕ್ಷಿ ಇಲ್ಲದಾಗ ಇದು ಆಸರೆ. ಕಾಲು ಕಳೆದುಕೊಂಡ ಮೂವತ್ತರ ಹುಡುಗ ಇದನ್ನು ಅವಸರದಲ್ಲಿ ಒಪ್ಪಿದರೆ ದೊಡ್ಡ ನಷ್ಟ. ಲೆಕ್ಕ 9ನೇ ಹಂತದಲ್ಲಿದೆ, ಅದನ್ನು ನೋಡಿ ತೀರ್ಮಾನಿಸಿ.

7. ಯಾರ ಮೇಲೆ ಅರ್ಜಿ?

ಸಾಮಾನ್ಯವಾಗಿ ಎದುರು ವಾಹನದ ಮಾಲೀಕ ಮತ್ತು ವಿಮಾ ಕಂಪನಿಯ ಮೇಲೆ. ನಂಬರ್ ಗೊತ್ತಿದ್ದರೆ ವಿಮೆ ಚಾಲ್ತಿಯಲ್ಲಿದೆಯೇ ಎಂದು ಎಂಪರಿವಾಹನ್ ಆ್ಯಪ್‌ನಲ್ಲಿ ನೋಡಬಹುದು. ಕೆಎಸ್‌ಆರ್‌ಟಿಸಿ ಬಸ್ಸಾದರೆ ನಿಗಮವೇ ಹೊಣೆ.

ಬೈಕಿನ ಹಿಂಬದಿ ಸವಾರರು ಗಮನಿಸಿ: ಬೈಕಿಗೆ ಬರೀ ಥರ್ಡ್ ಪಾರ್ಟಿ ವಿಮೆ ಇದ್ದು, ತಪ್ಪು ಆ ಬೈಕಿನ ಸವಾರನದ್ದೇ ಆದರೆ ಕಂಪನಿ ನಿಮ್ಮ ಹೊಣೆ ಹೊರುವುದಿಲ್ಲ. ಎರಡೂ ವಾಹನಗಳ ತಪ್ಪಿದ್ದರೆ ಪೂರ್ತಿ ಪರಿಹಾರವನ್ನು ಯಾವುದಾದರೂ ಒಂದು ಕಡೆಯಿಂದಲೇ ಕೇಳಬಹುದು. ಗೂಡ್ಸ್ ಟೆಂಪೊದಲ್ಲಿ, ಟ್ರ್ಯಾಕ್ಟರ್ ಟ್ರೈಲರಿನಲ್ಲಿ ಮದುವೆಗೋ ಜಾತ್ರೆಗೋ ಹೊರಟವರಿಗೆ ಆ ವಾಹನದ ವಿಮೆ ಸಾಮಾನ್ಯವಾಗಿ ಅನ್ವಯಿಸದು. ನಮ್ಮ ಹಳ್ಳಿಗಳಲ್ಲಿ ಒಂದೇ ಅಪಘಾತದಲ್ಲಿ ಹತ್ತು ಮನೆ ಬೀದಿಗೆ ಬೀಳುವುದು ಹೀಗೆ.

ಕೆಲಸದ ಮೇಲಿದ್ದಾಗ ಅಪಘಾತವಾದರೆ ನೌಕರರ ಪರಿಹಾರ ಕಾನೂನಿನ (ಮೊದಲು 1923ರ ಕಾಯ್ದೆ, 2025ರ ನವೆಂಬರ್‌ನಿಂದ ಸಾಮಾಜಿಕ ಭದ್ರತಾ ಸಂಹಿತೆ) ದಾರಿಯೂ ಇದೆ. ಎರಡರಲ್ಲಿ ಒಂದನ್ನೇ ಆರಿಸಬೇಕು.

ಗುದ್ದಿ ಓಡಿದ ವಾಹನ ಪತ್ತೆಯಾಗದಿದ್ದರೆ 161ನೇ ಕಲಂ ಪ್ರಕಾರ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50,000 ರೂಪಾಯಿ ಸಿಗುತ್ತದೆ. ಅರ್ಜಿ ತಹಶೀಲ್ದಾರ್ ಅಥವಾ ಉಪವಿಭಾಗಾಧಿಕಾರಿ ಕಚೇರಿಗೆ. ಮೊತ್ತ ಕಡಿಮೆ ಎಂದು ಯಾರೋ ದಲ್ಲಾಳಿ "ಬೇರೆ ವಾಹನ ಕೂರಿಸೋಣ" ಅಂದರೆ ಅಲ್ಲಿಂದ ಎದ್ದು ಬನ್ನಿ. ಅದು ಅಪರಾಧ. ಜೈಲಿಗೆ ಹೋಗುವುದು ಗಾಯಾಳುವಿನ ಮನೆಯವರು.

8. ಆರು ತಿಂಗಳ ಗಡುವು

2022ರ ಏಪ್ರಿಲ್ 1ರಿಂದ ಜಾರಿಯಾದ 166(3) ಕಲಂ ಪ್ರಕಾರ ಅಪಘಾತವಾದ ಆರು ತಿಂಗಳೊಳಗೆ ಅರ್ಜಿ ಹಾಕಬೇಕು. ಎಣಿಕೆ ಶುರುವಾಗುವುದು ಅಪಘಾತದ ದಿನದಿಂದ. ಡಿಸ್ಚಾರ್ಜ್ ಆದ ದಿನ, ದೋಷಾರೋಪ ಪಟ್ಟಿಯ ದಿನ ಲೆಕ್ಕಕ್ಕಿಲ್ಲ. ಈ ಗಡುವನ್ನು ಪ್ರಶ್ನಿಸಿದ ಅರ್ಜಿಗಳು ಸುಪ್ರೀಂ ಕೋರ್ಟ್ ಮುಂದೆ ಬಂದಿವೆ ನಿಜ, ಅದನ್ನು ನಂಬಿ ಕೂರಬೇಡಿ. ಪರಿಹಾರದ ಅರ್ಜಿ ವಿಚಾರಿಸುವ ನ್ಯಾಯಮಂಡಳಿಗೆ ಪೊಲೀಸರು ಕಳಿಸುವ ವರದಿಯನ್ನೇ ಅರ್ಜಿಯೆಂದು ಪರಿಗಣಿಸುವ ಅವಕಾಶ ಕಾನೂನಿನಲ್ಲಿದೆ. ಆದರೂ ನಿಮ್ಮದೇ ಅರ್ಜಿ ಹಾಕಿ. ಚಿಕಿತ್ಸೆ ಮುಗಿದಿಲ್ಲವೆಂದು ತಡೆಯಬೇಡಿ, ಮುಂದಿನ ಬಿಲ್ಲುಗಳನ್ನು ಆಮೇಲೆ ಸೇರಿಸಬಹುದು.

ಅಪಘಾತ ನಡೆದ ಊರಿನಲ್ಲೇ ಹಾಕಬೇಕೆಂದಿಲ್ಲ. ಚಿತ್ರದುರ್ಗದ ಹೆದ್ದಾರಿಯಲ್ಲಿ ಗಾಯಗೊಂಡವರು ಕೊಪ್ಪಳದವರಾದರೆ ಕೊಪ್ಪಳದಲ್ಲೇ ಹಾಕಬಹುದು. ಬೆಂಗಳೂರಿನಲ್ಲಿ ಲಘು ವ್ಯವಹಾರಗಳ ನ್ಯಾಯಾಲಯ ಈ ನ್ಯಾಯಮಂಡಳಿಯ ಕೆಲಸ ಮಾಡುತ್ತದೆ.

ವಕೀಲರನ್ನು ನೀವೇ ಹುಡುಕಿ. ಆಸ್ಪತ್ರೆಯ ಕಾರಿಡಾರಿನಲ್ಲಿ ವಕಾಲತ್ತು ಹಿಡಿದು ಬರುವವರನ್ನು ದೂರವಿಡಿ. ಬಂದ ಪರಿಹಾರದಲ್ಲಿ ಇಂತಿಷ್ಟು ಪರ್ಸೆಂಟು ಎಂಬ ಒಪ್ಪಂದವನ್ನು ವಕೀಲರ ಪರಿಷತ್ತಿನ ನಿಯಮ ಒಪ್ಪುವುದಿಲ್ಲ, ಇದನ್ನು ವಕೀಲನಾಗಿಯೇ ಹೇಳುತ್ತಿದ್ದೇನೆ. ಫೀಸನ್ನು ಮೊದಲೇ ಮಾತಾಡಿ, ರಸೀದಿ ಪಡೆಯಿರಿ. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕಾರ್ಮಿಕರಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವಿದೆ. ಸಹಾಯವಾಣಿ 15100.

9. ಆದಾಯ, ಅಂಗವೈಕಲ್ಯ, ಲೆಕ್ಕ

ಪರಿಹಾರದ ದೊಡ್ಡ ಪಾಲು ಬರುವುದು ಮುಂದಿನ ದುಡಿಮೆಯ ನಷ್ಟದಿಂದ. 34 ವರ್ಷದ ಗಾರೆ ಮೇಸ್ತ್ರಿ, ತಿಂಗಳಿಗೆ 15,000 ಆದಾಯ ಎಂದುಕೊಳ್ಳಿ. ವರ್ಷದ ಆದಾಯವನ್ನು ಗುಣಿಸಲು ಆ ವಯಸ್ಸಿಗೆ ಕೋರ್ಟು ಹಿಡಿಯುವ ಗುಣಕ 16. ವರ್ಷದ 1,80,000ವನ್ನು 16ರಿಂದ ಗುಣಿಸಿದರೆ 28,80,000. ಇಡೀ ದೇಹಕ್ಕೆ ಅಂಗವೈಕಲ್ಯ ಶೇ 8 ಎಂದು ಹಿಡಿದರೆ ಸಿಗುವುದು 2,30,400. ಏಣಿ ಹತ್ತಲಾರ, ಕುಕ್ಕರಗಾಲಲ್ಲಿ ಕೂತು ನೆಲ ಹಾಸಲಾರ ಎಂದು ತೋರಿಸಿ, ದುಡಿಮೆಯ ಮೇಲಿನ ಪರಿಣಾಮ ಶೇ 20 ಎಂದಾದರೆ 5,76,000. ಗಾಯ ಅದೇ, ಮೊತ್ತ ಎರಡೂವರೆ ಪಟ್ಟು. ನೋವು, ಆಸ್ಪತ್ರೆ ಖರ್ಚು, ಮಲಗಿದ್ದ ತಿಂಗಳುಗಳ ಆದಾಯ, ಮುಂದಿನ ಶಸ್ತ್ರಚಿಕಿತ್ಸೆ ಇವೆಲ್ಲ ಬೇರೆ.

ಮೂಳೆಯ ಶೇಕಡಾವಾರು ಬೇರೆ, ಅದು ಆ ಮನುಷ್ಯನ ಕೆಲಸಕ್ಕೆ ತಂದ ನಷ್ಟ ಬೇರೆ ಎಂದು ಸುಪ್ರೀಂ ಕೋರ್ಟ್ ರಾಜ್‌ಕುಮಾರ್ ವಿರುದ್ಧ ಅಜಯ್ ಕುಮಾರ್ ಪ್ರಕರಣದಲ್ಲಿ ಬಿಡಿಸಿ ಹೇಳಿದೆ. ಹಾಗಾಗಿ ಸಾಕ್ಷಿ ಹೇಳುವಾಗ "ಕಾಲು ನೋವು ಸ್ವಾಮಿ" ಎಂದು ನಿಲ್ಲಿಸಬೇಡಿ. ಮೊದಲು ಏನು ಮಾಡುತ್ತಿದ್ದಿರಿ, ಈಗ ಯಾವುದು ಆಗುವುದಿಲ್ಲ ಎಂದು ಕೆಲಸದ ಹೆಸರು ಹಿಡಿದು ಹೇಳಿ. ಅಂಗವೈಕಲ್ಯ ಪ್ರಮಾಣಪತ್ರ ಚಿಕಿತ್ಸೆ ಕೊಟ್ಟ ವೈದ್ಯರಿಂದಲೇ ಬಂದರೆ ಒಳ್ಳೆಯದು. ಬರೀ ಪತ್ರ ಸಾಲದು, ವೈದ್ಯರು ಸಾಕ್ಷಿ ಹೇಳಬೇಕು. ಒಂದು ಸಲವೂ ನೋಡದ ವೈದ್ಯರು ಕೊಟ್ಟ ಭಾರೀ ಶೇಕಡಾವಾರನ್ನು ಕೋರ್ಟು ನಂಬುವುದಿಲ್ಲ.

ಆದಾಯಕ್ಕೆ ಸಂಬಳದ ಚೀಟಿ ಇಲ್ಲದವರು ಕೈಚೆಲ್ಲಬೇಡಿ. ಹಾಲಿನ ಡೇರಿ ಪಾಸ್‌ಬುಕ್, ರೇಷ್ಮೆಗೂಡಿನ ಮಾರುಕಟ್ಟೆಯ ಬಿಲ್, ಪಹಣಿ, ಕಾರ್ಮಿಕ ಕಾರ್ಡು, ಫೋನ್‌ಪೇ ಜಮಾ ಕಾಣುವ ಬ್ಯಾಂಕ್ ವಿವರ ಎಲ್ಲ ನಡೆಯುತ್ತದೆ. ಏನೂ ಇಲ್ಲದಿದ್ದರೆ ಕರ್ನಾಟಕದಲ್ಲಿ ಕಾನೂನು ಸೇವಾ ಪ್ರಾಧಿಕಾರದ ಪಟ್ಟಿಯಲ್ಲಿ ಅಪಘಾತದ ವರ್ಷಕ್ಕೆ ಇರುವ ಅಂದಾಜು ಆದಾಯವನ್ನು ಹಿಡಿಯುವುದು ವಾಡಿಕೆ. ದಾಖಲೆ ಇದ್ದವರು ಅದಕ್ಕಿಂತ ಹೆಚ್ಚು ತೋರಿಸಬಹುದು.

10. ಲೋಕ ಅದಾಲತ್, ತೀರ್ಪು, ಹಣ

ಲೋಕ ಅದಾಲತ್‌ನಲ್ಲಿ ಒಪ್ಪಿದರೆ ಹಣ ಬೇಗ ಬರುತ್ತದೆ, ಆದರೆ ಆಮೇಲೆ ಮೇಲ್ಮನವಿ ಇಲ್ಲ. ರಾಡು ತೆಗೆಸುವ ಶಸ್ತ್ರಚಿಕಿತ್ಸೆ ಬಾಕಿ ಇದ್ದರೆ ಅದರ ಖರ್ಚು ಸೇರಿದೆಯೇ ಎಂದು ಸಹಿಗೆ ಮೊದಲು ಕೇಳಿ. ತೀರ್ಪಿನ ಮೊತ್ತ ಕಡಿಮೆ ಅನಿಸಿದರೆ 90 ದಿನದೊಳಗೆ ಹೈಕೋರ್ಟಿಗೆ ಹೋಗಬಹುದು. ವಿವಾದದ ಮೊತ್ತ ಒಂದು ಲಕ್ಷಕ್ಕಿಂತ ಕಡಿಮೆಯಿದ್ದರೆ ಆ ಅವಕಾಶವಿಲ್ಲ.

ಹಣ ಗಾಯಾಳುವಿನ ಸ್ವಂತ ಖಾತೆಗೇ ಬರಬೇಕು. ಒಂದು ಭಾಗವನ್ನು ಠೇವಣಿ ಇಡಲು ಕೋರ್ಟು ಹೇಳಬಹುದು. ಖಾಲಿ ಚೆಕ್ಕು, ಪಾಸ್‌ಬುಕ್, ಎಟಿಎಂ ಕಾರ್ಡನ್ನು ವಕೀಲರಿಗಾಗಲಿ, ಅವರ ಗುಮಾಸ್ತರಿಗಾಗಲಿ ಕೊಡಬೇಡಿ. ಹೆಸರನ್ನೂ ಈಗಲೇ ನೋಡಿಕೊಳ್ಳಿ. ಆಧಾರ್‌ನಲ್ಲಿ ಮಂಜಮ್ಮ, ಆಸ್ಪತ್ರೆಯಲ್ಲಿ ಮಂಜುಳಾ, ಬ್ಯಾಂಕಿನಲ್ಲಿ ಮಂಜುಳಮ್ಮ ಎಂದಿದ್ದರೆ ತೀರ್ಪಾದ ಮೇಲೂ ಹಣ ತಿಂಗಳುಗಟ್ಟಲೆ ನಿಲ್ಲುತ್ತದೆ. ಅರ್ಜಿ ಹಾಕುವಾಗಲೇ ಮೂರೂ ಹೆಸರು ಒಬ್ಬರದೇ ಎಂದು ಪ್ರಮಾಣಪತ್ರ (ಅಫಿಡವಿಟ್) ಮಾಡಿಸಿ ಸೇರಿಸಿಬಿಡಿ.